ನಾಟ ಹೊರುವ ಗಾಡಿಗೆ ಎಷ್ಟು ಗಾಳಿ? ಮಣ್ಣುದಾರಿಯ ಲೆಕ್ಕ, ಡಾಂಬರಿನ ಲೆಕ್ಕ

ಮಳೆ ನಿಂತು ದಾರಿ ಒಣಗಿತೆಂದರೆ ಮಲೆನಾಡಿನಲ್ಲಿ ನಾಟದ ಕೆಲಸ ಶುರುವಾಗುತ್ತದೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಿಂದ ಸಿಲ್ವರ್ ಓಕ್, ಶಿವಮೊಗ್ಗ ಸೀಮೆಯ ನೆಡುತೋಪುಗಳಿಂದ ಅಕೇಶಿಯಾ ಮತ್ತು ನೀಲಗಿರಿ ಲಾರಿ ಏರುತ್ತವೆ. ಡಾಂಬರು ಮುಟ್ಟಿದ ಮೇಲೆ ಆ ಲಾರಿ ನೂರಾರು ಕಿಲೋಮೀಟರ್ ಓಡಬಹುದು. ಆದರೆ ಟಯರಿನ ಪಕ್ಕೆ ಹರಿಯುವುದು, ಆಕ್ಸಲ್ ಮುರಿಯುವುದು, ಗಾಡಿ ಹೊಟ್ಟೆಯವರೆಗೆ ಹೂತುಕೊಳ್ಳುವುದು ಬಹುಪಾಲು ಅದಕ್ಕೂ ಮೊದಲಿನ ಒಂದೆರಡು ಕಿಲೋಮೀಟರ್ ಮಣ್ಣುದಾರಿಯಲ್ಲಿ.

ಸಿಕ್ಕಿಕೊಂಡಾಗ ಎಂಜಿನ್ನನ್ನು ಬೈಯುತ್ತೇವೆ, ಡ್ರೈವರನ್ನು ಬೈಯುತ್ತೇವೆ, ದಾರಿ ಬಿಡಿಸಿದ ಜೆಸಿಬಿಯವನನ್ನೂ ಬಿಡುವುದಿಲ್ಲ. ಟಯರಿನೊಳಗಿನ ಗಾಳಿಯನ್ನು ಮಾತ್ರ ಯಾರೂ ನೆನೆಯುವುದಿಲ್ಲ. ಲಾರಿಯವರಲ್ಲಿ ಬಹಳ ಮಂದಿಗೆ ಗಾಳಿ ಎಂದರೆ ವರ್ಷವಿಡೀ ಒಂದೇ ಅಂಕಿ, ಅದೂ ಆದಷ್ಟು ಗಟ್ಟಿಯಾಗಿ. ಇನ್ನೊಂದು ಕಡೆ, ಜೀಪು ರ‍್ಯಾಲಿಗಳನ್ನು ನೋಡಿ ಬಂದ ಹುಡುಗರು ಕೆಸರು ಕಂಡ ಕೂಡಲೇ ವಾಲ್ವ್ ಪಿನ್ ಒತ್ತಿ ಕೂರುತ್ತಾರೆ. ಎರಡೂ ತಪ್ಪು. ಗಾಳಿಯನ್ನು ತೀರ್ಮಾನಿಸುವುದು ಮೂರು ಸಂಗತಿಗಳು: ಚಕ್ರದ ಮೇಲಿನ ಭಾರ, ಓಡುವ ವೇಗ, ಕೆಳಗಿನ ನೆಲ. ಇದೇ ಅನುಕ್ರಮದಲ್ಲಿ ಯೋಚಿಸಬೇಕು. ಇವೆಲ್ಲಕ್ಕೂ ಮೊದಲು ಒಂದು ಷರತ್ತು ಇದೆ: ಇಳಿಸಿದ ಗಾಳಿಯನ್ನು ಡಾಂಬರು ಹತ್ತುವ ಮುಂಚೆ ಮತ್ತೆ ತುಂಬುವ ಉಪಾಯ ನಿಮ್ಮ ಬಳಿ ಇಲ್ಲದಿದ್ದರೆ ಇಳಿಸಲೇಬೇಡಿ.

ಮುಂದೆ ಪೌಂಡ್ ಎಂದಲ್ಲೆಲ್ಲ ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಪಿಎಸ್‌ಐ ಅಳತೆ ಎಂದು ತಿಳಿಯಿರಿ. ಗೇಜಿನಲ್ಲಿ ಬಾರ್ ಇದ್ದರೆ 1 ಬಾರ್‌ಗೆ 14.5 ಪೌಂಡ್.

ಇಳಿಸುವುದರಿಂದ ಆಗುವುದೇನು

ಟಯರ್ ನೆಲದ ಮೇಲೆ ಹಾಕುವ ಒತ್ತಡ ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಪಕ್ಕೆಯ ಬಿಗಿ ಸ್ವಲ್ಪ ವ್ಯತ್ಯಾಸ ತರುತ್ತದೆ, ಆದರೆ ಲೆಕ್ಕಕ್ಕೆ ಇಷ್ಟು ಸಾಕು. ಒಂದು ಹಿಂಚಕ್ರದ ಮೇಲೆ 2,500 ಕೆ.ಜಿ. ಕುಳಿತಿದೆ ಎನ್ನಿ. 100 ಪೌಂಡ್ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 7 ಕೆ.ಜಿ. ಅಷ್ಟು ಗಾಳಿಯಿದ್ದಾಗ ಆ ಚಕ್ರ ನೆಲವನ್ನು ಮುಟ್ಟುವ ಜಾಗ ಸುಮಾರು 360 ಚದರ ಸೆಂಟಿಮೀಟರ್, ಒಂದು ಎ4 ಹಾಳೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಎರಡೂವರೆ ಟನ್ ಅಷ್ಟರ ಮೇಲೆ ನಿಂತರೆ ಹಸಿ ಮಣ್ಣು ಏನು ಮಾಡೀತು? ಗಾಳಿ ಇಳಿಸಿದಂತೆ ಆ ಜಾಗ ಹಿಗ್ಗುತ್ತದೆ. ಅಗಲಕ್ಕಿಂತ ಹೆಚ್ಚಾಗಿ ಉದ್ದಕ್ಕೆ ಹಿಗ್ಗುತ್ತದೆ, ಹಾಗಾಗಿ ಟಯರಿನ ಮೇಲ್ಮೈಯ ಉಬ್ಬುಗಳು, ಅಂದರೆ ಕಟ್ಟೆಗಳು, ಏಕಕಾಲಕ್ಕೆ ಹೆಚ್ಚು ಸಂಖ್ಯೆಯಲ್ಲಿ ನೆಲವನ್ನು ಕಚ್ಚುತ್ತವೆ.

ಚಕ್ರ ಸುತ್ತಿ ಮಣ್ಣು ಕೀಳುವುದು ಹೆಚ್ಚಾಗಿ ಲೋಡ್ ಗಾಡಿಯಲ್ಲ, ಖಾಲಿ ಗಾಡಿ. ತುಂಬಿದ ಭಾರಕ್ಕೆಂದು ಗಾಳಿ ಹಿಡಿಸಿದ ಹಿಂಚಕ್ರಗಳ ಮೇಲೆ, ಖಾಲಿ ಇದ್ದಾಗ ಭಾರವೇ ಇರುವುದಿಲ್ಲ. ಅವು ಕಲ್ಲಿನ ಮೇಲೆ ಕುಪ್ಪಳಿಸುತ್ತವೆ, ಏರಿನಲ್ಲಿ ಒಂದು ಕ್ಷಣ ಹಿಡಿತ ಬಿಟ್ಟು ಮತ್ತೆ ಕಚ್ಚುತ್ತವೆ. ಆ ಕಚ್ಚುವ ಕ್ಷಣದ ಹೊಡೆತಕ್ಕೇ ಆಕ್ಸಲ್ ಹೋಗುವುದು. ಮಣ್ಣುದಾರಿಯ ಏರುಗಳಲ್ಲಿ ತಗಡಿನ ಶೀಟಿನ ಹಾಗೆ ಅಲೆ ಏಳುವುದಕ್ಕೂ ಇದೇ ದೊಡ್ಡ ಕಾರಣ.

ಓಡುತ್ತಿರುವಾಗಲೇ ಗಾಳಿ ಬದಲಿಸುವ ಯೋಚನೆ ಹೊಸದಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯ ನೆಲ-ಜಲ ಎರಡರಲ್ಲೂ ಓಡುವ ಡಕ್ ಲಾರಿಗಳಲ್ಲಿ ಚಾಲಕ ಕುಳಿತಲ್ಲಿಂದಲೇ ಟಯರಿನ ಗಾಳಿ ಏರಿಸಿ ಇಳಿಸಬಹುದಿತ್ತು. 1980ರ ದಶಕದಲ್ಲಿ ಅಲ್ಲಿನ ಅರಣ್ಯ ಸೇವೆ ಅದೇ ಏರ್ಪಾಡನ್ನು ನಾಟದ ಲಾರಿಗಳ ಮೇಲೆ ಪರೀಕ್ಷಿಸಿತು. ಕೆನಡಾ, ನ್ಯೂಜಿಲೆಂಡ್‌ಗಳಲ್ಲಿ ಇಂದು ಅಂಥ ಲಾರಿಗಳು ಕಾಡಿನ ದಾರಿಯಲ್ಲಿ ಓಡುತ್ತವೆ. ನಮ್ಮಲ್ಲಿ ಗಾಳಿ ಬದಲಿಸುವ ಆ ಒತ್ತುಗುಂಡಿ ಇಲ್ಲ; ಗೇಜು, ಪೈಪು ಮತ್ತು ತಾಳ್ಮೆ ಇವೆ.

ಬೇಕಾಗುವ ಸಾಮಾನು

ಗೇಜುಗಳು ಎರಡು ಬೇಕು. ಲಾರಿಗೆ 150 ಪೌಂಡಿನವರೆಗೆ ತೋರಿಸುವ ಕಡ್ಡಿ ಗೇಜು. ಜೋಡಿ ಚಕ್ರದ ಒಳಗಿನ ವಾಲ್ವಿಗೂ ತಲುಪುವಂತೆ ಅದರ ತಲೆ ಎರಡೂ ಕಡೆಗೆ ಇರಬೇಕು. ಟ್ರ್ಯಾಕ್ಟರಿಗೆ 30 ಪೌಂಡಿನೊಳಗೆ ತೋರಿಸುವ ಸಣ್ಣ ಗೇಜು. ಲಾರಿಯ ಗೇಜಿನಲ್ಲಿ 12ಕ್ಕೂ 15ಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ, ಟ್ರ್ಯಾಕ್ಟರಿಗೆ ಆ 3 ಪೌಂಡೇ ಮುಖ್ಯ. ಇದರ ಜೊತೆಗೆ ವಾಲ್ವ್ ಪಿನ್ ಬಿಚ್ಚುವ ಸಾಧನ, ಬಿಡಿ ಪಿನ್ನುಗಳು, ಲೋಹದ ವಾಲ್ವ್ ಮುಚ್ಚಳಗಳು, ಅಳತೆ ಟೇಪು, ಸೀಮೆಸುಣ್ಣ. ಕೊನೆಯದು ಗಾಳಿ ಪೈಪು: ಕನಿಷ್ಠ 4-5 ಮೀಟರ್ ಉದ್ದವಿರಲಿ, ತುದಿಯಲ್ಲಿ ವಾಲ್ವಿಗೆ ಕಚ್ಚಿಕೊಂಡು ನಿಲ್ಲುವ ಕ್ಲಿಪ್ ಇರಲಿ, ಇನ್ನೊಂದು ತುದಿಯಲ್ಲಿ ಗಾಳಿ ನಿಲ್ಲಿಸುವ ತಡೆಗುಂಡಿ ಮತ್ತು ಗೇಜು ಇರಲಿ. ಇಷ್ಟು ಉದ್ದ ಏಕೆಂಬುದು ಮುಂದೆ ತಿಳಿಯುತ್ತದೆ.

ಕ್ಲೀನರ್ ಹುಡುಗ ಜಾಕ್ ರಾಡಿನಿಂದ ಟಯರುಗಳನ್ನು ಬಡಿದು ಶಬ್ದ ಕೇಳುತ್ತಾ ಲಾರಿಯ ಸುತ್ತ ಒಂದು ಸುತ್ತು ಬರುವುದನ್ನು ನೀವು ನೋಡಿರುತ್ತೀರಿ. ಅದು ಬೇಡ ಎನ್ನುವುದಿಲ್ಲ. ಜೋಡಿ ಚಕ್ರದಲ್ಲಿ ಒಳಗಿನದು ಪೂರ್ತಿ ಕುಳಿತಿದ್ದರೆ ಆ ಬಡಿತದಲ್ಲಿ ಗೊತ್ತಾಗುತ್ತದೆ. ಆದರೆ 100 ಇರಬೇಕಾದಲ್ಲಿ 80 ಇದ್ದರೆ ಯಾವ ಕಿವಿಗೂ ಕೇಳಿಸುವುದಿಲ್ಲ.

ಮೊದಲ ಹೆಜ್ಜೆ: ಚಕ್ರದ ಮೇಲಿನ ಭಾರ ತಿಳಿಯಿರಿ

ಹೆಚ್ಚಿನವರು ಹಾರಿಹೋಗುವ ಹೆಜ್ಜೆ ಇದು, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ವೇ-ಬ್ರಿಜ್‌ನಲ್ಲಿ ಲಾರಿಯ ಒಟ್ಟು ತೂಕ ಮಾತ್ರ ನೋಡಿ ಬರಬೇಡಿ. ಮುಂದಿನ ಚಕ್ರಗಳನ್ನು ಮಾತ್ರ ಹಲಗೆಯ ಮೇಲೆ ನಿಲ್ಲಿಸಿ ಒಮ್ಮೆ ತೂಗಿಸಿ, ಆಮೇಲೆ ಇಡೀ ಗಾಡಿಯನ್ನು ಹತ್ತಿಸಿ. ಎರಡರ ವ್ಯತ್ಯಾಸವೇ ಹಿಂಭಾಗದ ಭಾರ. ಖಾಲಿ ಗಾಡಿಗೊಮ್ಮೆ, ಲೋಡ್ ಗಾಡಿಗೊಮ್ಮೆ ಹೀಗೆ ಮಾಡಿ ಬರೆದಿಟ್ಟುಕೊಂಡರೆ ಸೀಸನ್ ಪೂರ್ತಿ ಅದೇ ಲೆಕ್ಕ ಸಾಕು. ಹಿಂದೆ ನಾಲ್ಕು ಚಕ್ರಗಳಿದ್ದು ಅಲ್ಲಿ 10 ಟನ್ ಬಿದ್ದರೆ ಒಂದು ಟಯರಿಗೆ 2,500 ಕೆ.ಜಿ. ಖಾಲಿ ಇದ್ದಾಗ ಅದೇ ಹಿಂಭಾಗ 3 ಟನ್ ತೂಗಿದರೆ ಒಂದು ಟಯರಿಗೆ 750 ಕೆ.ಜಿ. ಮಾತ್ರ. ಮೂರು ಪಟ್ಟಿಗೂ ಮೀರಿದ ಈ ಅಂತರಕ್ಕೆ ಒಂದೇ ಗಾಳಿ ಹೇಗೆ ಸರಿಹೋದೀತು?

ಕಾನೂನಿನ ಮಿತಿಯೂ ನೆನಪಿರಲಿ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿ ಏರಿಸಿದಾಗ ಎರಡು ಚಕ್ರದ ಮುಂದಿನ ಆಕ್ಸಲ್‌ಗೆ 7 ಟನ್, ನಾಲ್ಕು ಚಕ್ರದ ಒಂಟಿ ಆಕ್ಸಲ್‌ಗೆ 11.5 ಟನ್ ಎಂದಾಯಿತು. ಆದರೆ ಆ ಮಿತಿ ಏರಿತೆಂದು ನಿಮ್ಮ ಹಳೆಯ ಲಾರಿಯ ಟಯರಿನ ಶಕ್ತಿ ಏರಲಿಲ್ಲ, ನೋಂದಣಿ ಪುಸ್ತಕದ ತೂಕವೂ ತಾನಾಗಿ ಬದಲಾಗಲಿಲ್ಲ. ಟಯರಿನ ಪಕ್ಕೆಯಲ್ಲಿ 146/143 ಎಂಬಂತೆ ಒಂದು ಜೋಡಿ ಅಂಕಿ ಇರುತ್ತದೆ. 146 ಎಂದರೆ ಒಂಟಿಯಾಗಿ ಹಾಕಿದಾಗ 3,000 ಕೆ.ಜಿ., 143 ಎಂದರೆ ಜೋಡಿಯಲ್ಲಿ ತಲಾ 2,725 ಕೆ.ಜಿ. ಅದನ್ನು ನಾಲ್ಕರಿಂದ ಗುಣಿಸಿ ನೋಡಿ: 10.9 ಟನ್. ಕಾನೂನು ಒಪ್ಪಿದ 11.5 ಟನ್ನನ್ನು ಆ ಟಯರ್ ಒಪ್ಪುವುದಿಲ್ಲ.

ವೇ-ಬ್ರಿಜ್ ಹತ್ತಿರದಲ್ಲಿಲ್ಲದವರು ದಿಮ್ಮಿಯ ಅಳತೆಯಿಂದ ತೂಕ ಅಂದಾಜಿಸುತ್ತಾರೆ. ಇಲ್ಲೊಂದು ಮೋಸ ಇದೆ. ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸುವ ವ್ಯಾಪಾರದ ಲೆಕ್ಕ ಮರದ ನಿಜವಾದ ಗಾತ್ರಕ್ಕಿಂತ ಕಡಿಮೆ ತೋರಿಸುತ್ತದೆ. ದುಂಡಗಿನ ದಿಮ್ಮಿಯ ನಿಜ ಗಾತ್ರ ಅದಕ್ಕಿಂತ ಸುಮಾರು 27 ಪ್ರತಿಶತ ಹೆಚ್ಚು. ಕೊಳ್ಳುವವನಿಗೆ ಅದು ಲಾಭ, ಟಯರಿಗೆ ಅಲ್ಲ. ಕಾಗದದಲ್ಲಿ 8 ಘನ ಮೀಟರ್ ಎಂದಿರುವ ಲೋಡು ನಿಜದಲ್ಲಿ 10ಕ್ಕೂ ಸ್ವಲ್ಪ ಹೆಚ್ಚು. ಆಗತಾನೇ ಕಡಿದ ನೀಲಗಿರಿ ಘನ ಮೀಟರಿಗೆ ಸುಮಾರು ಒಂದು ಟನ್ ತೂಗುವುದರಿಂದ ಹತ್ತು ಟನ್ ಎಂದು ಹಿಡಿಯಿರಿ. ತೊಗಟೆ ಬಿಡಿಸದಿದ್ದರೆ ಅದೂ ಸೇರುತ್ತದೆ. ಎಂಟು ಟನ್ ಎಂದುಕೊಂಡು ಗಾಳಿ ಇಳಿಸಿದವನು ಮೊದಲ ತಿರುವಿನಲ್ಲೇ ಪಕ್ಕೆ ಒಡೆದುಕೊಳ್ಳುತ್ತಾನೆ.

ಎರಡನೇ ಹೆಜ್ಜೆ: ರಸ್ತೆಯ ಅಂಕಿ ಗೊತ್ತು ಮಾಡಿಕೊಳ್ಳಿ

ಇಳಿಸುವ ಲೆಕ್ಕ ಶುರುವಾಗುವುದು ಡಾಂಬರಿನ ಅಂಕಿಯಿಂದ. ಅದು ಬಾಗಿಲಿನ ಚೌಕಟ್ಟಿನಲ್ಲಿರುವ ಚೀಟಿಯಲ್ಲಿ ಅಥವಾ ಗಾಡಿಯ ಕೈಪಿಡಿಯಲ್ಲಿ ಇರುತ್ತದೆ. ಟಯರ್ ಕಂಪನಿಯ ಭಾರ-ಗಾಳಿ ಪಟ್ಟಿಯನ್ನು ದೊಡ್ಡ ಡೀಲರುಗಳಲ್ಲಿ ಕೇಳಿ ಪಡೆಯಬಹುದು. ಪಕ್ಕೆಯ ಮೇಲೆ ಅಚ್ಚಾಗಿರುವ ಪೌಂಡಿನ ಅಂಕಿ ಟಯರಿನ ಗರಿಷ್ಠ ಭಾರಕ್ಕೆ ಸೇರಿದ್ದು, ಎಲ್ಲ ಹೊತ್ತಿಗೂ ಹಾಕಬೇಕಾದದ್ದಲ್ಲ.

ಅಳೆಯುವುದು ತಣ್ಣಗಿರುವಾಗ, ಅಂದರೆ ಗಾಡಿ ನಿಂತು ಮೂರು ಗಂಟೆಯಾದರೂ ಆಗಿರಬೇಕು, ಬಿಸಿಲು ಒಂದು ಬದಿಗೆ ಬಡಿದಿರಬಾರದು. ಡಿಸೆಂಬರಿನಲ್ಲಿ ಬೆಳಗಿನ ಚಳಿ 12 ಡಿಗ್ರಿ ಇದ್ದು ಮಧ್ಯಾಹ್ನ 30ಕ್ಕೆ ಏರಿದರೆ, 100 ಪೌಂಡಿನ ಟಯರ್ ನಿಂತಲ್ಲೇ ಸುಮಾರು 7 ಪೌಂಡ್ ಏರುತ್ತದೆ. 15 ಪೌಂಡಿನ ಟ್ರ್ಯಾಕ್ಟರ್ ಟಯರ್ ಸುಮಾರು 2 ಪೌಂಡ್ ಏರುತ್ತದೆ. ಓಡಿ ಬಿಸಿಯಾದ ಟಯರಿನಲ್ಲಿ ಹೆಚ್ಚು ಕಂಡಿತೆಂದು ಗಾಳಿ ಬಿಡುವುದು ದೊಡ್ಡ ತಪ್ಪು. ಮರುದಿನ ಬೆಳಿಗ್ಗೆ ಅದು ಕಡಿಮೆಯಾಗಿರುತ್ತದೆ. ಮಂಗಳೂರಿನಿಂದ ಮಡಿಕೇರಿಗೆ ಹತ್ತಿದರೆ ಎತ್ತರದ ಕಾರಣಕ್ಕೆ ಗೇಜು ಒಂದೆರಡು ಪೌಂಡ್ ಹೆಚ್ಚು ತೋರಿಸುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ.

ಮೂರನೇ ಹೆಜ್ಜೆ: ವೇಗಕ್ಕೆ ತಕ್ಕಂತೆ ಇಳಿಸಿ, ಟೇಪು ಹಿಡಿದು ನೋಡಿ

ಟಯರನ್ನು ಕೊಲ್ಲುವುದು ಬಾಗುವಿಕೆಯೊಂದೇ ಅಲ್ಲ, ಬಾಗುವಿಕೆಯಿಂದ ಏಳುವ ಶಾಖ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಸಲೀಸಾಗಿ ಸಹಿಸಿಕೊಂಡ ಟಯರ್ ಅದೇ ಗಾಳಿಯಲ್ಲಿ 50ಕ್ಕೆ ಓಡಿದರೆ ಒಳಗೊಳಗೇ ಬೇಯುತ್ತದೆ. ಆದ್ದರಿಂದ ಕೆಳಗಿನ ಅಂಕಿಗಳೆಲ್ಲ ಗಂಟೆಗೆ 20 ಕಿ.ಮೀ. ಮೀರದ ಓಟಕ್ಕೆ ಮಾತ್ರ.

ಉದಾಹರಣೆಗೆ, ಟ್ಯೂಬ್ ಇರುವ 10.00-20 ಅಳತೆಯ ಟಯರಿನ ಎರಡು ಆಕ್ಸಲ್ ಲಾರಿ ತೆಗೆದುಕೊಳ್ಳೋಣ. ಅದರ ರಸ್ತೆಯ ಗಾಳಿ 100 ಪೌಂಡ್ ಎಂದಿರಲಿ. ಖಾಲಿಯಾಗಿ ಮಣ್ಣುದಾರಿ ಹತ್ತುವಾಗ ಹಿಂದಿನವನ್ನು 50-55ಕ್ಕೆ ಇಳಿಸಬಹುದು. ಮುಂದಿನವನ್ನು 75-80ಕ್ಕಿಂತ ಕೆಳಗೆ ತರಬೇಡಿ. ಖಾಲಿ ಲಾರಿಯ ಮುಂಭಾಗದಲ್ಲಿ ಎಂಜಿನ್ನಿನ ಭಾರ ಹಾಗೇ ಇರುತ್ತದೆ, ಸ್ಟೀರಿಂಗೂ ಕಲ್ಲಾಗುತ್ತದೆ. ಲೋಡ್ ಹೊತ್ತು ಇಳಿಯುವಾಗ ನಾಲ್ಕೂ ಹಿಂಚಕ್ರಗಳಿಗೆ 75-80 ಇರಲಿ. ಡಾಂಬರಿಗೆ ಬರುವ ಮುಂಚೆ ಮತ್ತೆ 100. ಎಂದರೆ ಲೋಡ್ ಮಾಡುವ ಜಾಗದಲ್ಲೊಮ್ಮೆ, ರಸ್ತೆಯಂಚಿನಲ್ಲೊಮ್ಮೆ ಗಾಳಿ ಹಿಡಿಯಬೇಕು. ಅಷ್ಟು ಪುರುಸೊತ್ತು ಇಲ್ಲ ಎನ್ನುವವರು ಖಾಲಿ ಹೋಗುವಾಗಲೂ 80ರಲ್ಲೇ ಹೋಗಲಿ. ಹಿಡಿತ ಸ್ವಲ್ಪ ಕಡಿಮೆಯಾದರೂ ಪೂರ್ತಿ ಗಾಳಿಗಿಂತ ಮೇಲು.

ಈ ಅಂಕಿಗಳನ್ನು ಕುರುಡಾಗಿ ನಂಬಬೇಡಿ, ಟೇಪಿನಿಂದ ಪರೀಕ್ಷಿಸಿ. ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಚಕ್ರದ ಮೇಲ್ಭಾಗದಲ್ಲಿ ರಿಮ್ಮಿನ ಅಂಚಿನಿಂದ ಟಯರಿನ ನೆತ್ತಿಯವರೆಗೆ ಅಳೆಯಿರಿ. ಕೆಳಭಾಗದಲ್ಲಿ ರಿಮ್ಮಿನ ಅಂಚಿನಿಂದ ನೆಲದವರೆಗೆ ಅಳೆಯಿರಿ. ಮೇಲೆ 23 ಸೆಂ.ಮೀ., ಕೆಳಗೆ 20.5 ಸೆಂ.ಮೀ. ಬಂದರೆ ಟಯರ್ ಎರಡೂವರೆ ಸೆಂಟಿಮೀಟರ್ ಕುಸಿದಿದೆ, ಅಂದರೆ ಹನ್ನೊಂದು ಪ್ರತಿಶತದ ಆಸುಪಾಸು. ಡಾಂಬರಿನ ಓಟಕ್ಕೆ ಅದು ಸರಿ. ಮಣ್ಣುದಾರಿಯ ನಿಧಾನ ಓಟಕ್ಕೆ ನೈಲಾನ್ ನೂಲಿನ ಟ್ಯೂಬ್ ಟಯರಿನಲ್ಲಿ 15 ಪ್ರತಿಶತ, ಉಕ್ಕಿನ ತಂತಿಯ ರೇಡಿಯಲ್‌ನಲ್ಲಿ 20 ಪ್ರತಿಶತ ಎಂಬುದನ್ನು ನಾನು ಗಡಿ ಎಂದು ಇಟ್ಟುಕೊಳ್ಳುತ್ತೇನೆ. ಮೇಲಿನ ಉದಾಹರಣೆಯಲ್ಲಿ ಮೂರೂವರೆ ಮತ್ತು ನಾಲ್ಕೂವರೆ ಸೆಂಟಿಮೀಟರ್. ಹಾಗೆ ಕುಸಿದಾಗ ರೇಡಿಯಲ್‌ನ ಪಕ್ಕೆ ಚೆನ್ನಾಗಿ ಉಬ್ಬಿ ಕಾಣುವುದು ಸಹಜ. ನೈಲಾನ್ ಟಯರ್ ಅಷ್ಟೇ ಉಬ್ಬಿದರೆ ಅದು ಆಗಲೇ ನರಳುತ್ತಿದೆ ಎಂದರ್ಥ.

ಟ್ಯೂಬ್ ಟಯರಿಗೆ ಇನ್ನೊಂದು ಎಚ್ಚರಿಕೆ. ಗಾಳಿ ತೀರಾ ಕಡಿಮೆಯಾದರೆ ಏರಿನಲ್ಲಿ ರಿಮ್ ತಿರುಗಿ ಟಯರ್ ಹಿಂದುಳಿಯುತ್ತದೆ, ಟ್ಯೂಬ್ ಅದರೊಂದಿಗೆ ಸರಿದು ವಾಲ್ವಿನ ಬುಡ ಹರಿಯುತ್ತದೆ. ರಿಮ್ಮಿನಿಂದ ಟಯರಿಗೆ ಹಾಯುವಂತೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಒಂದು ಟ್ರಿಪ್ ಮುಗಿಸಿ ಬಂದಾಗ ಆ ಗೆರೆ ಮುರಿದಿದ್ದರೆ ಐದು-ಹತ್ತು ಪೌಂಡ್ ಏರಿಸಿ. ಜೀಪಿನವರ ಮಾತನ್ನು ನಂಬಿ ಲಾರಿಯನ್ನು 30ಕ್ಕೆ ಇಳಿಸಿದವರ ವಾಲ್ವುಗಳನ್ನು ಪಂಕ್ಚರ್ ಅಂಗಡಿಯವರು ರಾಶಿ ಹಾಕಿರುತ್ತಾರೆ, ಕೇಳಿ ನೋಡಿ.

ನಾಲ್ಕನೇ ಹೆಜ್ಜೆ: ನೆಲ ನೋಡಿ ಹೆಚ್ಚುಕಡಿಮೆ ಮಾಡಿ

ಮಣ್ಣು ಆಳದವರೆಗೆ ಮೆತ್ತಗಿದ್ದರೆ, ಅಂದರೆ ಗದ್ದೆಯಂಚು, ಹಳ್ಳದ ಬದಿ, ಹೊಸದಾಗಿ ಅಗೆದು ತುಂಬಿದ ದಾರಿ, ಇಲ್ಲೆಲ್ಲ ಗಾಳಿ ಇಳಿಸುವುದರಿಂದ ಪೂರ್ತಿ ಲಾಭ. ಆದರೆ ಮಲೆನಾಡಿನ ಕೆಂಪು ಮಣ್ಣಿನ ಸ್ವಭಾವವೇ ಬೇರೆ. ಒಂದು ಹದ ಮಳೆ ಬಿದ್ದರೆ ಮೇಲಿನ ಎರಡು ಬೆರಳು ಸಾಬೂನಿನಂತಾಗುತ್ತದೆ, ಅದರ ಕೆಳಗೆ ಗಟ್ಟಿ ನೆಲ ಹಾಗೇ ಇರುತ್ತದೆ. ಇಂಥಲ್ಲಿ ಟಯರನ್ನು ಚಪ್ಪಟೆ ಮಾಡಿದರೆ ಅದು ಮೇಲಿನ ಜಾರು ಪದರದ ಮೇಲೆಯೇ ತೇಲುತ್ತದೆ. ಸ್ವಲ್ಪ ಹೆಚ್ಚು ಗಾಳಿ, ಆಳವಾದ ಕಟ್ಟೆ, ಬೇಕಾದರೆ ಚೈನು, ಇವು ಮೇಲಿನದನ್ನು ಸೀಳಿ ಕೆಳಗಿನದನ್ನು ಹಿಡಿಯುತ್ತವೆ. ನೆಲಕ್ಕೆ ಒಂದು ಹಾರೆಯ ತುದಿ ಊರಿ ನೋಡಿದರೆ ಎರಡರಲ್ಲಿ ಯಾವುದೆಂದು ತಕ್ಷಣ ಗೊತ್ತಾಗುತ್ತದೆ.

ಕಲ್ಲಿನ ದಾರಿಯಲ್ಲಿ ಮಿತವಾಗಿ ಇಳಿಸಿ. ಟಯರ್ ಕಲ್ಲನ್ನು ನುಂಗಿಕೊಂಡು ಹೋಗಬೇಕು, ರಿಮ್ಮಿಗೆ ತಾಗಬಾರದು. ಕಡಿದ ಬಿದಿರು ಮೆಳೆಯ ಬಳಿ ಮಾತ್ರ ನನ್ನ ಸಲಹೆ ಬೇರೆಯೇ: ಅಲ್ಲಿ ಇಳಿಸಬೇಡಿ. ಓರೆಯಾಗಿ ಕಡಿದ ಬಿದಿರಿನ ಮೋಟು ಉಳಿಯಂತೆ ನಿಂತಿರುತ್ತದೆ. ಗಾಳಿ ಇಳಿದ ಟಯರಿನ ಪಕ್ಕೆ ಹೊರಗೆ ಉಬ್ಬಿರುವುದರಿಂದ ನೇರವಾಗಿ ಅದಕ್ಕೇ ಸಿಗುತ್ತದೆ. ಕಟ್ಟೆಗೆ ಚುಚ್ಚಿದರೆ ಪಂಕ್ಚರ್ ಹಾಕಿಸಬಹುದು, ಪಕ್ಕೆ ಸೀಳಿದರೆ ಟಯರನ್ನೇ ಎಸೆಯಬೇಕು. ಗಾಡಿ ಒಳಹೋಗುವ ಮೊದಲು ಒಬ್ಬ ಆಳು ಕತ್ತಿ ಹಿಡಿದು ದಾರಿಯ ಎರಡೂ ಬದಿಯ ಮೋಟುಗಳನ್ನು ನೆಲಮಟ್ಟಕ್ಕೆ ಸವರಿಬಿಟ್ಟರೆ ಅವನ ಅಂದಿನ ಕೂಲಿ ಅಲ್ಲೇ ಹುಟ್ಟಿತು.

ಅಡ್ಡ ಇಳಿಜಾರಿನ ದಾರಿಯಲ್ಲಿ ಲೋಡ್ ಗಾಡಿಯ ಗಾಳಿ ಇಳಿಸುವುದು ಅಪಾಯ. ಕೆಳಬದಿಯ ಟಯರುಗಳು ಹೆಚ್ಚು ಕುಸಿದು ಗಾಡಿ ಇನ್ನಷ್ಟು ವಾಲುತ್ತದೆ, ದಿಮ್ಮಿಗಳ ಭಾರ ಅತ್ತಲೇ ಸರಿಯುತ್ತದೆ. ಅಂಥ ತುಂಡು ದಾರಿಯಲ್ಲಿದ್ದರೆ ಉಳಿದ ದಾರಿಗೆ ಎಷ್ಟೇ ಅನುಕೂಲವಿರಲಿ, ಹೆಚ್ಚಿನ ಅಂಕಿಯನ್ನೇ ಹಿಡಿಯಿರಿ.

ಜೋಡಿ ಚಕ್ರಗಳ ವಿಚಾರ

ಜೋಡಿಯಲ್ಲಿ ಒಂದು 80, ಇನ್ನೊಂದು 60 ಇದ್ದರೆ ಭಾರದ ಹೆಚ್ಚಿನ ಪಾಲು 80ರದರ ಮೇಲೆ. ಇಳಿಸುವಾಗ ಒಳಗಿನದಕ್ಕೆ ಕೈ ಎಟುಕುವುದಿಲ್ಲವೆಂದು ಹೊರಗಿನದನ್ನು ಮಾತ್ರ ಇಳಿಸುವ ಅಭ್ಯಾಸ ಬಹಳ ಕಡೆ ಇದೆ. ಅದರಿಂದ ಒಳಗಿನ ಟಯರ್ ಬೇಗ ಸಾಯುತ್ತದೆ, ಗಾಡಿಗೆ ಹಿಡಿತವೂ ಸಿಗುವುದಿಲ್ಲ. ಒಳ ವಾಲ್ವಿಗೆ ಉದ್ದನೆಯ ಪೈಪು ಜೋಡಿಸಿ ಹೊರಕ್ಕೆ ತಂದುಕೊಳ್ಳಿ.

ಗಾಳಿ ಇಳಿಸಿದ ಮೇಲೆ ಎರಡು ಟಯರುಗಳ ಉಬ್ಬಿದ ಪಕ್ಕೆಗಳ ನಡುವೆ ಕೈ ತೂರಿಸಿ ನೋಡಿ. ಲೋಡ್ ಇದ್ದಾಗಲೂ ಬೆರಳುಗಳು ಆರಾಮವಾಗಿ ಆಡಬೇಕು. ಪಕ್ಕೆಗೆ ಪಕ್ಕೆ ಉಜ್ಜಿದರೆ ಒಂದೇ ದಿನದಲ್ಲಿ ನೂಲು ಕಾಣುತ್ತದೆ. ನಡುವೆ ಸಿಕ್ಕಿಕೊಂಡ ಕಲ್ಲನ್ನು ಪ್ರತಿ ಟ್ರಿಪ್ಪಿನ ಕೊನೆಗೆ ತೆಗೆಯಲೇಬೇಕು. ಡಾಂಬರಿನ ವೇಗದಲ್ಲಿ ಅದು ಹಿಂದೆ ಬರುವ ಬೈಕಿನವನ ಮುಖಕ್ಕೆ ಹಾರಬಹುದು.

ಟ್ರ್ಯಾಕ್ಟರು, ಜೀಪು

ನಮ್ಮ ತೋಟಗಳಲ್ಲಿ ಲಾರಿ ರಸ್ತೆಯಂಚಿನಲ್ಲೇ ನಿಂತು, ಒಳಗಿನಿಂದ ಟ್ರ್ಯಾಕ್ಟರೋ ಹಳೆಯ 4x4 ಗಾಡಿಯೋ ನಾಟ ತಂದು ಸುರಿಯುವುದು ಸಾಮಾನ್ಯ. ಗಾಳಿಯ ದೃಷ್ಟಿಯಿಂದಲೂ ಇದೇ ಉತ್ತಮ ಏರ್ಪಾಡು. ಒಳಗಿನ ಗಾಡಿ ಇಳಿಸಿದ ಗಾಳಿಯಲ್ಲೇ ಸೀಸನ್ ಕಳೆಯಬಹುದು, ಲಾರಿ ಪೂರ್ತಿ ಗಾಳಿಯಲ್ಲೇ ಇರಬಹುದು. ಎರಡು ಬಾರಿ ಲೋಡ್ ಮಾಡುವ ಖರ್ಚು ದೊಡ್ಡದು, ನಿಜ. ಆದರೆ ಅದನ್ನು ಟಯರಿನ ಬಿಲ್ಲಿನ ಪಕ್ಕದಲ್ಲಿಟ್ಟು ನೋಡಿ ಆಮೇಲೆ ಹೇಳಿ.

13.6-28 ಅಳತೆಯ ಹಿಂಚಕ್ರದ ಟ್ರ್ಯಾಕ್ಟರಿಗೆ ಮಣ್ಣಿನಲ್ಲಿ 12-14 ಪೌಂಡ್, ಟ್ರೇಲರ್ ಎಳೆದು ರಸ್ತೆಯಲ್ಲಿ ಹೋಗುವಾಗ 16-20 ಸಾಕಾಗುತ್ತದೆ. ಕೈಪಿಡಿಯಲ್ಲಿ ಬೇರೆ ಇದ್ದರೆ ಅದೇ ಅಂತಿಮ. ಚೈನು ಕಟ್ಟಿ ದಿಮ್ಮಿ ಎಳೆಯುವಾಗ ಮುಂಭಾಗದ ಭಾರ ಹಿಂದಕ್ಕೆ ಬರುವುದರಿಂದ ಹಿಂಚಕ್ರಕ್ಕೆ ಒಂದೆರಡು ಪೌಂಡ್ ಹೆಚ್ಚಿಡಿ. ಚೈನನ್ನು ಕೆಳಗಿನ ಡ್ರಾಬಾರಿಗೇ ಕಟ್ಟಿ. ಆಕ್ಸಲ್ಲಿಗಿಂತ ಮೇಲೆ ಕಟ್ಟಿದರೆ ದಿಮ್ಮಿ ಬೇರಿಗೆ ಸಿಕ್ಕಿದ ಕ್ಷಣ ಟ್ರ್ಯಾಕ್ಟರ್ ಮೂತಿ ಎತ್ತಿ ಹಿಂದಕ್ಕೆ ಮಗುಚುತ್ತದೆ. ಗಾಳಿಯ ಲೇಖನದಲ್ಲಿ ಇದನ್ನೇಕೆ ಹೇಳಿದೆನೆಂದರೆ, ಹಿಡಿತ ಹೆಚ್ಚಾದಷ್ಟೂ ಈ ಅಪಾಯ ಹೆಚ್ಚು. ಚಕ್ರ ಸುತ್ತುತ್ತಿದ್ದರೆ ಮಗುಚುವ ಮೊದಲು ಅದು ಜಾರಿಯಾದರೂ ಬಿಡುತ್ತಿತ್ತು.

ಭಾರ ಹೆಚ್ಚಲೆಂದು ಹಿಂಚಕ್ರಕ್ಕೆ ನೀರು ತುಂಬಿಸಿದ್ದರೆ ವಾಲ್ವ್ ನೆತ್ತಿಯ ಮೇಲೆ ಬರುವಂತೆ ಚಕ್ರ ನಿಲ್ಲಿಸಿ ಗೇಜು ಹಿಡಿಯಿರಿ, ಇಲ್ಲದಿದ್ದರೆ ನೀರು ಗೇಜಿನೊಳಕ್ಕೆ ನುಗ್ಗುತ್ತದೆ. ಮುಕ್ಕಾಲು ಭಾಗ ನೀರಿರುವ ಟಯರಿನಲ್ಲಿ ಗಾಳಿಗೆ ಉಳಿದ ಜಾಗ ಸ್ವಲ್ಪವೇ. ಸಣ್ಣ ಸೋರಿಕೆಯೂ ಅಲ್ಲಿ ಬೇಗ ದೊಡ್ಡದಾಗಿ ಕಾಣುತ್ತದೆ, ಹಾಗಾಗಿ ವಾರಕ್ಕೆರಡು ಬಾರಿ ನೋಡಬೇಕು. ಟ್ರೇಲರಿನ ಚಕ್ರಗಳನ್ನೂ ಮರೆಯಬೇಡಿ. ಟ್ರ್ಯಾಕ್ಟರ್ ಹೂತಿತು ಎಂದು ನಾವು ಹೇಳುವಾಗ ಎಷ್ಟೋ ಸಲ ಹೂತಿರುವುದು ಟ್ರೇಲರ್. ಟ್ರ್ಯಾಕ್ಟರ್ ಸುಮ್ಮನೆ ಲಂಗರು ಎಳೆಯುತ್ತಿರುತ್ತದೆ.

ಜೀಪಿನ ಬಗ್ಗೆ ಹೆಚ್ಚು ಬೇಕಿಲ್ಲ. ರಸ್ತೆಗೆ 30 ಪೌಂಡಿನ ಆಸುಪಾಸು ಇರುವ ಗಾಡಿಗೆ ಮಣ್ಣುದಾರಿಯಲ್ಲಿ 22-25, ಆಳ ಕೆಸರಿನಲ್ಲಿ 18. ಹಿಂದೆ ಕಂಬ, ಗಳ ತುಂಬಿದ್ದರೆ ಹಿಂಚಕ್ರ ಇಳಿಸಬೇಡಿ. ಚೈನು ಸುತ್ತುವವರು ಮೊದಲು ಗಾಳಿ ಇಳಿಸಿ, ಆಮೇಲೆ ಚೈನು ಬಿಗಿ ಮಾಡಲಿ. ತಿರುಗುಮುರುಗಾದರೆ ಚೈನು ಸಡಿಲವಾಗಿ ಬ್ರೇಕ್ ಪೈಪಿಗೆ ಹೊಡೆಯುತ್ತದೆ.

ಮತ್ತೆ ತುಂಬುವಾಗ ಜೀವದ ಪ್ರಶ್ನೆ

ಲಾರಿಗಳಲ್ಲಿ ಬಹುಮಟ್ಟಿಗೆ ಬ್ರೇಕಿನ ಗಾಳಿ ಟ್ಯಾಂಕಿ ಇರುತ್ತದೆ, ಹಲವು ಮಾದರಿಗಳಲ್ಲಿ ಟಯರಿಗೆ ಗಾಳಿ ಹಿಡಿಯಲೆಂದೇ ಒಂದು ಜೋಡಣೆಯ ಬಾಯಿಯೂ ಇರುತ್ತದೆ. ಚಕ್ರಗಳಿಗೆ ಅಡ್ಡ ಮರದ ತುಂಡು ಕೊಟ್ಟು, ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ನಡೆಯುವಂತೆ ಬಿಟ್ಟು ತುಂಬಿಸಿ. ಮುಗಿದ ಮೇಲೆ ಡ್ಯಾಶ್‌ಬೋರ್ಡಿನ ಗಾಳಿ ಮುಳ್ಳು ಪೂರ್ತಿ ಏರುವವರೆಗೆ ಗಾಡಿ ಅಲುಗಿಸಬೇಡಿ, ಏಕೆಂದರೆ ನೀವು ಬಳಸಿದ್ದು ಬ್ರೇಕಿನ ಗಾಳಿ.

ಟ್ಯೂಬ್ ಟಯರಿನ ಲಾರಿ ರಿಮ್ಮು ಒಂದೇ ತುಂಡಲ್ಲ, ಬದಿಯಲ್ಲಿ ಲಾಕ್ ರಿಂಗ್ ಕುಳಿತಿರುತ್ತದೆ. ಇಳಿಸಿದ ಗಾಳಿಯಲ್ಲಿ ಓಡುವಾಗ ಆ ರಿಂಗು ತನ್ನ ಜಾಗದಿಂದ ಕೊಂಚ ಸರಿದಿರಬಹುದು, ನಡುವೆ ಮಣ್ಣು ಕುಳಿತಿರಬಹುದು. 80-90 ಪೌಂಡ್ ಏರಿದಾಗ ಅದು ಕಳಚಿದರೆ ಎದುರಿಗಿದ್ದವನು ಉಳಿಯುವುದಿಲ್ಲ. ತುಂಬುವ ಮೊದಲು ರಿಂಗಿನ ಸುತ್ತ ಮಣ್ಣು ಒರೆಸಿ, ಅದು ಎಲ್ಲ ಕಡೆ ಒಂದೇ ಸಮ ಕುಳಿತಿದೆಯೇ ನೋಡಿ. ಪೈಪಿನ ಕ್ಲಿಪ್ ಕಚ್ಚಿಸಿ, ಚಕ್ರದ ಮುಖಕ್ಕೆ ಎದುರಾಗದೆ ಟಯರಿನ ಕಟ್ಟೆಯ ಕಡೆಗೆ, ಪೈಪಿನಷ್ಟು ದೂರ ನಿಂತು ತುಂಬಿಸಿ. ಆ ಐದು ಮೀಟರ್ ಪೈಪು ಇದಕ್ಕಾಗಿಯೇ. ರಿಂಗು ಓರೆಯಾಗಿ ಕಂಡರೆ ಸುತ್ತಿಗೆಯಿಂದ ತಟ್ಟಿ ಸರಿಮಾಡುವ ಯೋಚನೆಯನ್ನೇ ಬಿಡಿ. ಮೊದಲು ವಾಲ್ವ್ ಪಿನ್ ತೆಗೆದು ಗಾಳಿಯನ್ನೆಲ್ಲ ಹೊರಬಿಡಿ, ಆಮೇಲೆ ಬಿಚ್ಚಿ ಕೂರಿಸಿ.

ರೇಡಿಯಲ್ ಟಯರಿನ ಅಪಾಯ ಬೇರೆ ಥರದ್ದು. ಪಂಕ್ಚರ್ ಆಗಿದ್ದೇ ತಿಳಿಯದೆ ತೀರಾ ಕಡಿಮೆ ಗಾಳಿಯಲ್ಲಿ ಭಾರ ಹೊತ್ತು ಓಡಿದ್ದರೆ ಪಕ್ಕೆಯೊಳಗಿನ ಉಕ್ಕಿನ ತಂತಿಗಳು ದಣಿದು ಮುರಿದಿರುತ್ತವೆ, ಹೊರಗೆ ಏನೂ ಕಾಣುವುದಿಲ್ಲ. ಗಾಳಿ ಏರಿದಾಗ ಪಕ್ಕೆ ಜಿಪ್ ಎಳೆದಂತೆ ಸರ್ರನೆ ಸೀಳುತ್ತದೆ. ತುಂಬುವಾಗ ಪಟಪಟ ಶಬ್ದ ಕೇಳಿದರೆ, ಪಕ್ಕೆಯಲ್ಲಿ ಅಲೆ ಕಂಡರೆ ದೂರದಿಂದಲೇ ತಡೆಗುಂಡಿ ಮುಚ್ಚಿ, ಪೈಪನ್ನು ಕಂಪ್ರೆಸರ್ ಕಡೆಯಿಂದ ಕಳಚಿ, ತಡೆಗುಂಡಿ ಮತ್ತೆ ತೆರೆದು ಗಾಳಿ ಹೊರಬಿಡಿ. ಆ ಟಯರ್ ಮತ್ತೆ ಗಾಡಿಗೆ ಏರಬಾರದು.

ಬರೆದಿಡುವುದು, ನಿಲ್ಲಿಸಿಡುವುದು

ಖಾಲಿ, ಲೋಡ್, ಡಾಂಬರು ಎಂಬ ಮೂರು ಅಂಕಿಗಳನ್ನು ಪ್ರತಿ ಮಡ್‌ಗಾರ್ಡಿನ ಮೇಲೆ ಬಣ್ಣದಲ್ಲಿ ಬರೆಸಿ. ಡ್ರೈವರ್ ಬದಲಾದರೂ ಅಂಕಿ ಬದಲಾಗುವುದಿಲ್ಲ. ಗಾಳಿ ಇಳಿಸಿದ ಗಾಡಿಯ ಸ್ಟೀರಿಂಗಿಗೆ ಒಂದು ಕೆಂಪು ಬಟ್ಟೆ ಕಟ್ಟುವ ಪದ್ಧತಿ ಇಟ್ಟುಕೊಳ್ಳಿ, ತುಂಬಿದ ಮೇಲೆ ಬಿಚ್ಚಲಿ. ಸಂಜೆ ಕತ್ತಲಾದ ಮೇಲೆ, ಮನೆಗೆ ಹೋಗುವ ಆತುರದಲ್ಲಿ, ಇಳಿಸಿದ ಗಾಳಿಯಲ್ಲೇ ಡಾಂಬರು ಹತ್ತಿ ಓಡಿಸಿಬಿಡುವುದೇ ಈ ಕೆಲಸದಲ್ಲಿ ಆಗುವ ಅತಿ ದೊಡ್ಡ ತಪ್ಪು.

ಕೊಡಗಿನಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಭಾರಿ ವಾಹನಗಳಲ್ಲಿ ದಿಮ್ಮಿ ಸಾಗಿಸುವುದನ್ನು ಜಿಲ್ಲಾಡಳಿತ ನಿರ್ಬಂಧಿಸುವುದು ವಾಡಿಕೆ. ಬೇರೆಡೆಯೂ ಜೂನ್ ಬಂತೆಂದರೆ ಒಳದಾರಿಗಳು ತಾವಾಗಿಯೇ ಮುಚ್ಚುತ್ತವೆ. ಆಗ ಗಾಡಿಯನ್ನು ಇಳಿಸಿದ ಗಾಳಿಯಲ್ಲಿ ಬಿಟ್ಟು ಹೋಗಬೇಡಿ. ತಿಂಗಳುಗಟ್ಟಲೆ ಒಂದೇ ಮಡಿಕೆಯಲ್ಲಿ ಕುಳಿತ ಪಕ್ಕೆ ಅಲ್ಲೇ ಬಿರಿಯುತ್ತದೆ. ರಸ್ತೆಯ ಅಂಕಿಗೆ ತುಂಬಿಸಿ, ಆಕ್ಸಲ್ ಕೆಳಗೆ ಮರದ ಅಡಿತುಂಡು ಕೊಟ್ಟು ಚಕ್ರಗಳ ಭಾರ ಇಳಿಸಿ, ವಾಲ್ವುಗಳಿಗೆ ಲೋಹದ ಮುಚ್ಚಳ ಬಿಗಿದು ಬಿಡಿ. ಸ್ಟೆಪ್ನಿಗೂ ಗಾಳಿ ನೋಡಿ; ನವೆಂಬರಿನಲ್ಲಿ ಮೊದಲ ಪಂಕ್ಚರ್ ಆದ ದಿನ ಅದನ್ನು ಇಳಿಸಿ ನೋಡಿದರೆ ಸಾಮಾನ್ಯವಾಗಿ ಅದೇ ಖಾಲಿಯಿರುತ್ತದೆ.